ಮೂರು ಕಾಲಲ್ಲಿ ಓಡುವ ಗಾಡಿ

ಮದ್ದೂರಿನಿಂದ ಕೆ.ಎಂ. ದೊಡ್ಡಿ ಹಾದು ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಕಬ್ಬು ಅರೆಯುವ ಕಾಲದಲ್ಲಿ ಹಳೇ ಪೆಟ್ರೋಲ್ ಜೀಪು ಓಡಿಸಿ ನೋಡಬೇಕು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು, ಹಿಂದೆ ಹಾರ್ನ್ ಬಾರಿಸುವ ಬಸ್ಸು, ನಡುವೆ ಫಸ್ಟ್ ಗೇರಿನಲ್ಲಿ ತೆವಳುವ ನಾವು. ಇಂಜಿನ್ನಿನಲ್ಲಿ ಏನೇ ಊನವಿದ್ದರೂ ಆಗಲೇ ಬಯಲಾಗುವುದು. ಗಾಡಿ ಕೆಮ್ಮುತ್ತದೆ, ಜಗ್ಗುತ್ತದೆ, ಎಳೆಯುವುದಿಲ್ಲ. ಗ್ಯಾರೇಜಿನವರು ಬಾನೆಟ್ ಎತ್ತುವ ಮೊದಲೇ ಹೇಳಿಬಿಡುತ್ತಾರೆ: ‘ಮಿಸ್ ಹೊಡೀತಾ ಐತೆ, ಮೂರೇ ಕಾಲಲ್ಲಿ ಓಡ್ತಾ ಐತೆ.’ ನಾಲ್ಕು ಸಿಲಿಂಡರಿನಲ್ಲಿ ಒಂದು ದುಡಿಯುತ್ತಿಲ್ಲ ಎಂದರ್ಥ.

ಕಿಡಿ ತಪ್ಪಿ ಬರುವ ಈ ಕಾಯಿಲೆ ಲಾರಿಗಳಿಗಿಲ್ಲ, ಇಲ್ಲಿ ಲಾರಿ ಎಂದರೆ ಡೀಸೆಲ್ ಲಾರಿಯೇ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಗಾಳಿಯನ್ನು ಹಿಂಡಿದಾಗ ಹುಟ್ಟುವ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. 1954ರಲ್ಲಿ ಟಾಟಾ–ಮರ್ಸಿಡಿಸ್ ಲಾರಿಗಳು ಜಮ್‌ಶೆಡ್‌ಪುರದಿಂದ ಹೊರಬರುವುದಕ್ಕೆ ಮುಂಚೆ ಷೆವ್ರೊಲೆ, ಡಾಡ್ಜ್, ಫಾರ್ಗೊಗಳ ಪೆಟ್ರೋಲ್ ಲಾರಿಗಳಿದ್ದವು. ಅವು ಹೋದವು, ಕಿಡಿ ಸರಿಪಡಿಸುವ ವಿದ್ಯೆ ಉಳಿಯಿತು. ಪೆಟ್ರೋಲ್ ಜೀಪು, ಅಂಬಾಸಿಡರ್, ಪದ್ಮಿನಿ, ತರಕಾರಿ ಹೊತ್ತ ಹಳೇ ಓಮ್ನಿ ಇವೆಲ್ಲಕ್ಕೂ ಬೇಕಾದ ‘ಕರೆಂಟ್ ಕೆಲಸ’ ಅದು.

ಕೆಲಸ ಏನೆಂದರೆ: ಬ್ಯಾಟರಿಯಲ್ಲಿರುವುದು 12 ವೋಲ್ಟ್. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕಾದರೆ ಅದು ಹತ್ತು–ಇಪ್ಪತ್ತು ಸಾವಿರ ವೋಲ್ಟ್ ಆಗಬೇಕು. ಅದನ್ನು ಮಾಡುವುದು ಕಾಯಿಲ್. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು ಪ್ರತಿ ಸಲ ತೆರೆದಾಗಲೂ ಕಾಯಿಲ್ಲಿನಿಂದ ಒಂದು ಹೊಡೆತ ಹೊರಡುತ್ತದೆ. ಮುಚ್ಚಳದ ಕೆಳಗೆ ತಿರುಗುವ ರೋಟರು ಅದನ್ನು ಸರದಿಯ ಪ್ರಕಾರ ನಾಲ್ಕು ವೈರುಗಳಿಗೆ ಹಂಚುತ್ತದೆ. ಇಂಜಿನ್ ನಿಮಿಷಕ್ಕೆ 3,000 ಸುತ್ತು ಹೊಡೆಯುವಾಗ ಸೆಕೆಂಡಿಗೆ 100 ಕಿಡಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿ 1910ರ ಕ್ಯಾಡಿಲಾಕ್ ಕಾರಿಗೆ ಕೊಟ್ಟ ಏರ್ಪಾಡು ಇದು. ಅಂಬಾಸಿಡರಿನ ಕಾಲದವರೆಗೂ ಮೂಲದಲ್ಲಿ ಬದಲಾಗಲಿಲ್ಲ.

ಹೆಚ್ಚಿನ ವೋಲ್ಟು ಮಳವಳ್ಳಿಯವರಿಗೆ ಹೊಸದಲ್ಲ ಬಿಡಿ. ಇದೇ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು: ಸುಮಾರು 147 ಕಿಲೋಮೀಟರ್ ತಂತಿ, 35,000 ವೋಲ್ಟಿನ ಆಸುಪಾಸು. ಜೀಪಿನ ಪ್ಲಗ್ ವೈರು ಎರಡಡಿಯೂ ಇರುವುದಿಲ್ಲ, ಆದರೆ ಹೊರುವ ವೋಲ್ಟು ಅದರ ಅರ್ಧದಷ್ಟು. ಎರಡು ಕಡೆಯೂ ತಲೆನೋವು ಒಂದೇ, ಸೋರಿಕೆ. ಅಲ್ಲಿ ಕಂಬದ ಮೇಲೆ ಪಿಂಗಾಣಿ ಬಟ್ಟಲು, ಇಲ್ಲಿ ಪ್ಲಗ್ಗಿನ ಪಿಂಗಾಣಿ ಮೈ.

ಸೋರಿಕೆ ಹಿಡಿಯುವುದೇ ನಿಜವಾದ ಕಸುಬು. ಕತ್ತಲಾದ ಮೇಲೆ ಇಂಜಿನ್ ಓಡಿಸಿ ಬಾನೆಟ್ ಎತ್ತಿದರೆ, ಸೀಳಿದ ವೈರಿನ ಮೇಲೆ ಸಣ್ಣ ನೀಲಿ ಹುಳುಗಳು ಹರಿದಾಡಿದಂತೆ ಕಾಣುತ್ತದೆ. ನಾಲ್ಕು ಹನಿ ನೀರು ಚಿಮುಕಿಸಿದರೆ ಚಟಚಟ ಅನ್ನುತ್ತದೆ. ಕಿವಿಯ ಪರೀಕ್ಷೆ ಇನ್ನೂ ಸರಳ. ಹಿಡಿಗೆ ರಬ್ಬರಿರುವ ಇಕ್ಕಳದಲ್ಲಿ ಒಂದು ವೈರನ್ನು ಪ್ಲಗ್ಗಿನಿಂದ ಕೀಳುತ್ತಾರೆ. ಇಂಜಿನ್ ಸದ್ದು ಕುಗ್ಗಿದರೆ ಆ ಸಿಲಿಂಡರು ದುಡಿಯುತ್ತಿತ್ತು. ಕಿತ್ತರೂ ಸದ್ದು ಹಾಗೇ ಇದ್ದರೆ ಕಳ್ಳ ಅಲ್ಲೇ ಇದ್ದಾನೆ. ನೊಗಕ್ಕೆ ಕಟ್ಟಿದ ಯಾವ ಎತ್ತು ಎಳೆಯುತ್ತಿಲ್ಲವೆಂದು ಹಗ್ಗದ ಬಿಗಿ ನೋಡಿ ಹೇಳುವ ರೈತನ ಜಾಣತನವೇ ಇದು.

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೊಂದು ಪುಟ್ಟ ಪ್ರಪಂಚ. ಗೋಡೆಯ ಮೇಲೆ ಪೆನ್ಸಿಲ್ ಗೆರೆಯಂತೆ ಕಪ್ಪು ದಾರಿ ಬಿದ್ದಿದ್ದರೆ ಕರೆಂಟು ಅಲ್ಲಿ ಅಡ್ಡದಾರಿ ಹಿಡಿದಿದೆ. ಒರೆಸಿ ಉಪಯೋಗವಿಲ್ಲ, ಮುಚ್ಚಳ ಬದಲಿಸಬೇಕು. ನಡುವಿನ ಸ್ಪ್ರಿಂಗಿನ ತುದಿಯಲ್ಲಿ ಗೋಧಿಕಾಳಿನಷ್ಟು ಕಾರ್ಬನ್ ಕಡ್ಡಿ ಇದೆಯೋ ಸವೆದಿದೆಯೋ ನೋಡಬೇಕು. ಪಾಯಿಂಟಿನ ಬಾಯಿ ಸುಟ್ಟು ಗುಳಿ ಬಿದ್ದಿದ್ದರೆ ಬೈಗುಳ ಪಾಯಿಂಟಿಗಲ್ಲ, ಪಕ್ಕದ ಕಂಡೆನ್ಸರಿಗೆ ಸಲ್ಲಬೇಕು. ಎಷ್ಟೋ ಜನ ಹೊಸ ಪಾಯಿಂಟು ಹಾಕಿಸಿ, ಹಳೇ ಕಂಡೆನ್ಸರ್ ಬಿಟ್ಟು, ತಿಂಗಳಲ್ಲಿ ಮತ್ತೆ ಬಂದು ನಿಲ್ಲುತ್ತಾರೆ. ಅಂಬಾಸಿಡರಿನ ಪಾಯಿಂಟಿನ ಸಂದು 0.4 ಮಿಲಿಮೀಟರಿನೊಳಗೆ. ಫೀಲರ್ ಗೇಜ್ ಕೈಗೆ ಸಿಗದಿದ್ದರೆ ವಿಸಿಟಿಂಗ್ ಕಾರ್ಡು. ಪ್ಲಗ್ಗಿನ ಸಂದಿಗೆ ಹ್ಯಾಕ್ಸಾ ಬ್ಲೇಡು, ಅದರ ದಪ್ಪ ಹೆಚ್ಚುಕಡಿಮೆ 0.6 ಮಿಲಿಮೀಟರ್. ಪುಸ್ತಕದವರು ನಕ್ಕಾರು, ಗಾಡಿ ಮಾತ್ರ ಮನೆ ಮುಟ್ಟುತ್ತದೆ.

ಇಲಿಯ ಹೆಸರು ಹೇಳದಿದ್ದರೆ ಅನ್ಯಾಯವಾದೀತು. ಆಲೆಮನೆಯ ಪಕ್ಕ ವಾರಗಟ್ಟಲೆ ನಿಂತ ಜೀಪಿನ ವೈರು ಇಲಿಗಂತೂ ಬಾಯಾಡಿಸಲು ಸಿಕ್ಕಂತೆಯೇ.

ವೈರು ಬದಲಿಸುವಾಗ ಮೊದಲ ಪಾಠ: ಒಂದು ಬಿಚ್ಚು, ಒಂದು ಹಾಕು. ನಾನು ಹುಮ್ಮಸ್ಸಿನಲ್ಲಿ ನಾಲ್ಕನ್ನೂ ಒಟ್ಟಿಗೆ ಕಿತ್ತು, 1-2-3-4 ಎಂದು ಸಾಲಾಗಿ ಸಿಕ್ಕಿಸಿದ್ದೆ. ಕೀಲಿ ತಿರುಗಿಸಿದೊಡನೆ ಕಾರ್ಬ್ಯುರೇಟರ್ ಢಮಾರ್ ಎಂದಿತು. ಜೀಪಿನದಾಗಲಿ ಅಂಬಾಸಿಡರಿನದಾಗಲಿ ಸರದಿ 1-3-4-2. ಮೂರು ಸಿಲಿಂಡರಿನ ಓಮ್ನಿಗೆ 1-3-2. ಅಳತೆಗೆ ಹಳೇ ವೈರನ್ನೇ ಪಕ್ಕದಲ್ಲಿಟ್ಟುಕೊಂಡು ಕತ್ತರಿಸಬೇಕು. ಉದ್ದವಾದರೆ ಬಿಸಿ ಮ್ಯಾನಿಫೋಲ್ಡಿಗೆ ತಾಗುತ್ತದೆ, ಗಿಡ್ಡವಾದರೆ ಕುಲುಕಾಟಕ್ಕೆ ಕಳಚುತ್ತದೆ. ಪಾಯಿಂಟ್ ಬದಲಿಸಿದರೆ ಟೈಮಿಂಗ್ ನೋಡಲೇಬೇಕು: ಡಿಸ್ಟ್ರಿಬ್ಯೂಟರಿನ ತಂತಿಗೂ ಬಾಡಿಗೂ ನಡುವೆ ಒಂದು ಬಲ್ಬು ಕಟ್ಟಿ, ಕೀಲಿ ಆನ್ ಮಾಡಿ, ಡಿಸ್ಟ್ರಿಬ್ಯೂಟರನ್ನು ನಿಧಾನವಾಗಿ ತಿರುಗಿಸುತ್ತಾರೆ. ಬಲ್ಬು ಹತ್ತಿದ ಗಳಿಗೆಯೇ ಪಾಯಿಂಟ್ ತೆರೆದ ಗಳಿಗೆ. ಕೆಲಸ ಮುಗಿದೊಡನೆ ಕೀಲಿ ಆಫ್ ಮಾಡಿ. ಮರೆತರೆ ಕಾಯಿಲ್ ಕಾದು ಸುಡುತ್ತದೆ.

ಈ ಕಸುಬಿಗೆ ಈಗ ಕೆಲಸ ಕಡಿಮೆ. ಮೊದಲು ಬೆಂಗಳೂರು–ಮೈಸೂರು ರಸ್ತೆಯಲ್ಲಿ ಕೆಟ್ಟ ಗಾಡಿ ಮದ್ದೂರಿನಲ್ಲೋ ಮಂಡ್ಯದಲ್ಲೋ ನಿಲ್ಲಲೇಬೇಕಿತ್ತು, ರಸ್ತೆ ಊರೊಳಗೇ ಇತ್ತು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಎರಡೂ ಊರನ್ನು ಪಕ್ಕಕ್ಕೆ ಸರಿಸಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತಿದೆ. ಹೊಸ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ, ಪ್ಲಗ್ಗಿಗೊಂದು ಕಾಯಿಲ್ ಕೂತಿರುತ್ತದೆ.

ಹಳೇ ಪೆಟ್ರೋಲ್ ಗಾಡಿ ಇಟ್ಟುಕೊಂಡವರಿಗೆ ಒಂದು ಮಾತು: ಬಿಚ್ಚಿದ ರೋಟರು, ಪಾಯಿಂಟು, ಕಂಡೆನ್ಸರು ಇನ್ನೂ ಕೆಲಸ ಮಾಡುವಂತಿದ್ದರೆ ಎಸೆಯಬೇಡಿ. ಕಾಗದದಲ್ಲಿ ಸುತ್ತಿ ಸೀಟಿನ ಕೆಳಗಿಡಿ, ಜೊತೆಗೊಂದು ಸ್ಕ್ರೂಡ್ರೈವರ್. ಎಕ್ಸ್‌ಪ್ರೆಸ್‌ವೇ ಮೇಲೆ ಮೇಸ್ತ್ರಿ ಸಿಗುವುದಿಲ್ಲ.