ಗಿರಾಕಿಯ ಮಾನ

ಆಯವ್ಯಯ, ಚುನಾವಣೆ, ನೀರಾವರಿ ಮೊದಲಾದ ಘನವಾದ ವಿಷಯಗಳಿಗೆ ಮೀಸಲಾದ ಈ ಪುಟದಲ್ಲಿ ಒಂದು ಬಟ್ಟಲು ಕಾಫಿಯ ಸಂಗತಿಯನ್ನು ಎತ್ತಿಕೊಂಡುದಕ್ಕಾಗಿ ವಾಚಕ ಮಹಾಶಯರು ಹುಬ್ಬೇರಿಸಬಹುದು. ಆದರೆ ಜನತೆಯ ನಡತೆಯು ತಿಳಿದುಬರುವುದು ಸಭಾಮಂದಿರಗಳಲ್ಲಲ್ಲ. ಸಂತೆಯಲ್ಲಿ, ಬಸ್ಸಿನ ನಿಲ್ದಾಣದಲ್ಲಿ, ಹೋಟೆಲಿನ ಬೆಂಚಿನ ಮೇಲೆ. ಸಭೆಯಲ್ಲಿ ನಾವೆಲ್ಲರೂ ಸಮಾನತೆಯ ಭಕ್ತರೇ. ಬೆಂಚಿನ ಮೇಲೆ ನಮ್ಮ ಮಗ್ಗುಲಿಗೆ ಯಾರು ಬಂದು ಕುಳಿತರೆ ನಮ್ಮ ಮೈ ಮುದುಡುತ್ತದೆ ಎಂಬುದೇ ನಿಜವಾದ ಪರೀಕ್ಷೆ.

ಹುಮನಾಬಾದ, ಬಸವಕಲ್ಯಾಣಗಳು ಮೊದಲಿನಿಂದಲೂ ಚಹಾದ ಊರುಗಳು. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಹುಮನಾಬಾದವನ್ನು ಹಾಯ್ದು ಹೋಗುತ್ತದೆ. ಬಸವಕಲ್ಯಾಣಕ್ಕೆ ಹೋಗುವವರು ಅದೇ ದಾರಿಯಲ್ಲಿ ಸಸ್ತಾಪುರ ಬಂಗ್ಲಾದ ಬಳಿ ಹೊರಳಬೇಕು. 1948ರ ಸೆಪ್ಟೆಂಬರಿನವರೆಗೆ ಈ ಸೀಮೆಯು ನಿಜಾಮರ ಆಡಳಿತಕ್ಕೆ ಒಳಪಟ್ಟಿದ್ದುದರಿಂದ, ಹೈದರಾಬಾದಿನ ಇರಾನಿ ಹೋಟೆಲುಗಳ ಗಟ್ಟಿ ಹಾಲಿನ ಚಹಾದ ರುಚಿಯೇ ಇಲ್ಲಿಯವರ ನಾಲಗೆಗೆ ಹತ್ತಿದ್ದಿತು. ಕಾಫಿಯಾದರೋ ದೂರದ ಬಂಧು. ಬಾಬಾಬುಡನ್ ಎಂಬ ಸಂತನು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದನೆಂದು ಐತಿಹ್ಯವುಂಟು. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದೇ. 1956ರ ನವೆಂಬರ್ 1ರಂದು ಮಲೆನಾಡೂ ಬೀದರ ಸೀಮೆಯೂ ಒಂದೇ ರಾಜ್ಯದಲ್ಲಿ ಕೂಡಿದವು. ಆದರೂ ಅಲ್ಲಿಯ ಕಾಫಿಯು ಇಲ್ಲಿಯ ಬೀದಿಗೆ ಇಳಿಯಲು ಬಹಳ ಕಾಲ ಹಿಡಿಯಿತು. ಈಗ ಈ ಕಡೆಯಲ್ಲಿಯೂ ಸ್ವಂತ ಗಂಟನ್ನು ಹಾಕಿ ಸಣ್ಣ ಕಾಫಿಯಂಗಡಿಯನ್ನು ತೆರೆಯುವ ತರುಣರು ಕಾಣಬರುತ್ತಿದ್ದಾರೆ. ದೊಡ್ಡ ಕಂಪನಿಗಳ ಹೆಸರಿನ ಬಲವಿಲ್ಲದೆ ಕೇವಲ ಕೈರುಚಿಯನ್ನೂ ಮಾತಿನ ಸೌಜನ್ಯವನ್ನೂ ನಂಬಿ ವ್ಯಾಪಾರ ಮಾಡುವ ಇವರ ಸಾಹಸವು ಮೆಚ್ಚತಕ್ಕುದೇ ಆಗಿದೆ.

ಅಂತಹ ಒಂದು ಅಂಗಡಿಯಲ್ಲಿ ಮೊನ್ನೆ ಬೆಳಿಗ್ಗೆ ನಾವು ಕಂಡ ಒಂದು ದೃಶ್ಯವೇ ಈ ಲೇಖನಕ್ಕೆ ಕಾರಣ. ಅಂಗಡಿಯು ಚೊಕ್ಕಟವಾಗಿದ್ದಿತು. ಬೆಲೆಯ ಹಲಗೆಯು ಎಲ್ಲರಿಗೂ ಕಾಣುವಂತೆ ತೂಗಾಡುತ್ತಿದ್ದಿತು. ಕಛೇರಿಗೆ ಹೋಗುವ ಇಬ್ಬರು ಗೃಹಸ್ಥರೂ ಒಬ್ಬ ವಿದ್ಯಾರ್ಥಿಯೂ ನಾವೂ ಎರಡು ಬೆಂಚುಗಳನ್ನು ತುಂಬಿಕೊಂಡು ಕುಳಿತಿದ್ದೆವು. ಆಗ ತಲೆಗೆ ಟವೆಲು ಸುತ್ತಿಕೊಂಡ ಒಬ್ಬ ಮುದುಕನು, ನೋಡಿದರೆ ಕೂಲಿಯವನು, ಬಂದು ಮೆಟ್ಟಿಲಿನ ಕೆಳಗೆ ನಿಂತುಕೊಂಡನು. ಮಾಲಿಕನಾದ ತರುಣನು ಗಲ್ಲಾದಿಂದ ಎದ್ದು, “ಒಳಗ ಬರ್ರಿ ಕಾಕಾ, ಕುಂಡ್ರಿ” ಎಂದು ಕರೆದನು. ಮುದುಕನು ಒಮ್ಮೆ ಒಳಗೆ ಕುಳಿತಿದ್ದ ನಮ್ಮೆಲ್ಲರ ಮುಖವನ್ನೂ ನೋಡಿ, “ಬ್ಯಾಡಪ್ಪಾ, ಇಲ್ಲೇ ಇರ್ತೀನಿ. ಕಾಗದದ ಬಟ್ಟಲದಾಗ ಕೊಡು” ಎಂದನು. ಬಿಸಿ ಕಾಫಿಯನ್ನು ಬಿಸಿಲಿನಲ್ಲಿ ನಿಂತು ಕುಡಿದು, ಬಟ್ಟಲನ್ನು ತೊಟ್ಟಿಗೆ ಎಸೆದು, ಎಣಿಸಿ ಹಣ ಕೊಟ್ಟು ಹೊರಟುಹೋದನು.

ಅವನನ್ನು ಯಾರೂ ಹೊರಗೆ ನಿಲ್ಲಿಸಲಿಲ್ಲ. ಮಾಲಿಕನದು ಎಳ್ಳಷ್ಟೂ ತಪ್ಪಿಲ್ಲ. ಆದರೆ ಕರೆದರೂ ಒಳಗೆ ಬಾರದ ಹಾಗೆ ಆ ಮುದುಕನ ಕಾಲನ್ನು ಕಟ್ಟಿಹಾಕಿದುದಾವುದು? ಅವನು ಓದಿದುದು ನಮ್ಮ ಮುಖಗಳನ್ನು. ಮಾಲಿಕನು ಕರೆದಾಗ ಬೆಂಚಿನ ಮೇಲಿದ್ದ ನಾವು ಯಾರೂ ಒಂದು ಗೇಣು ಸರಿಯಲಿಲ್ಲ. ಈ ಲೇಖನವನ್ನು ಬರೆಯುತ್ತಿರುವವರೂ ಸರಿಯಲಿಲ್ಲ. ಕೈಯಲ್ಲಿದ್ದ ಪತ್ರಿಕೆಯ ಪುಟವನ್ನು ತಿರುವಿಹಾಕಿದೆವಷ್ಟೆ. ಅಪರಾಧವನ್ನು ಒಪ್ಪಿಕೊಳ್ಳದೆ ಇತರರಿಗೆ ಉಪದೇಶ ಮಾಡಲು ನಮಗೆ ಅಧಿಕಾರವಿಲ್ಲವಾದುದರಿಂದ ಇದನ್ನು ಮೊದಲೇ ಹೇಳುತ್ತಿದ್ದೇವೆ.

ಇದು ಬೇರಾವ ಊರಿನಲ್ಲಿ ನಡೆದಿದ್ದರೂ ಖೇದಕರವೇ. ಕಲ್ಯಾಣದ ಸೀಮೆಯಲ್ಲಿ ನಡೆದುದು ನಾಚಿಕೆಗೇಡು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಅಲ್ಲಮಪ್ರಭುಗಳೂ ಕಾಯಕದ ಶರಣರೂ ಸಮಾನ ಪೀಠದಲ್ಲಿ ಕುಳಿತು ಮಾತನಾಡಿದ ಸ್ಥಳಕ್ಕೆ ಅನುಭವ ಮಂಟಪವೆಂದು ಹೆಸರು. ಸಮಗಾರ ಹರಳಯ್ಯನವರ ಮನೆಗೂ ಬ್ರಾಹ್ಮಣ ಮಧುವರಸರ ಮನೆಗೂ ನೆಂಟಸ್ತನವಾದುದಕ್ಕಾಗಿ ಆ ಇಬ್ಬರೂ ಪ್ರಾಣವನ್ನು ತೆತ್ತರೆಂಬುದನ್ನು ಇಲ್ಲಿಯ ಮಕ್ಕಳೂ ಬಲ್ಲರು. 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲನ್ನಿಟ್ಟರು. 2024ರಲ್ಲಿ ಸರಕಾರವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಸಾರಿತು. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಮಂಟಪವನ್ನು ಕಲ್ಲಿನಿಂದ ಕಟ್ಟಬಹುದು, ಅನುಭವವನ್ನು ಕಟ್ಟಲಾಗದು. ಅದನ್ನು ಬೆಂಚಿನ ಮೇಲೆ ಪಕ್ಕದವನಿಗೆ ಕೊಡಬೇಕು, ಪಕ್ಕದವನಿಂದ ಪಡೆಯಬೇಕು.

ಹೋಟೆಲುಗಳ ಪೂರ್ವೇತಿಹಾಸವನ್ನು ಬಲ್ಲವರಿಗೆ ಆ ಮುದುಕನ ಸಂಕೋಚವು ಆಶ್ಚರ್ಯವನ್ನುಂಟುಮಾಡದು. ಸ್ವಾತಂತ್ರ್ಯಕ್ಕೆ ಮುಂಚೆ ದಕ್ಷಿಣದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಸ್ಥಳವಿದ್ದಿತು. ರೈಲು ನಿಲ್ದಾಣಗಳಲ್ಲಿ ಹಿಂದೂಗಳ ನೀರು ಬೇರೆ, ಮುಸಲ್ಮಾನರ ನೀರು ಬೇರೆ. ಅಸ್ಪೃಶ್ಯರೆನಿಸಿಕೊಂಡವರಿಗೆ ಹೊರಗಡೆ ಬೇರೆ ಲೋಟ, ಅದನ್ನು ತೊಳೆದಿಡುವುದೂ ಅವರ ಪಾಲಿಗೇ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ಹದಿನೈದನೆಯ ಅನುಚ್ಛೇದದಲ್ಲಿ ಅಂಗಡಿಗಳನ್ನೂ ಸಾರ್ವಜನಿಕ ಉಪಾಹಾರಗೃಹಗಳನ್ನೂ ಹೋಟೆಲುಗಳನ್ನೂ ಹೆಸರಿಸಿಯೇ, ಅವುಗಳ ಪ್ರವೇಶಕ್ಕೆ ಮತ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಯಾವುದೂ ಅಡ್ಡಿಯಾಗಕೂಡದೆಂದು ವಿಧಿಸಿತು. ಹದಿನೇಳನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನೇ ತೊಡೆದುಹಾಕಿತು. 1955ರ ಕಾನೂನು ಅದರ ಆಚರಣೆಯನ್ನು ದಂಡನೀಯ ಅಪರಾಧವನ್ನಾಗಿ ಮಾಡಿತು. ರಾಷ್ಟ್ರದ ಮೂಲ ಶಾಸನವನ್ನು ರಚಿಸಿದ ಮಹನೀಯರು ಹೋಟೆಲಿನ ಬಾಗಿಲನ್ನು ಮರೆಯದೆ ಬರೆದರೆಂದ ಮೇಲೆ, ಒಂದು ಪತ್ರಿಕೆಯು ಅದನ್ನು ಕುರಿತು ಬರೆಯುವುದು ಸಣ್ಣತನವೆನಿಸಲಾರದು.

ಕಾಗದದ ಬಟ್ಟಲು ಬಂದ ಮೇಲೆ ಎರಡು ಲೋಟದ ಪದ್ಧತಿಯು ತಾನಾಗಿಯೇ ಅಳಿಯಿತೆಂದು ಕೆಲವರು ಹೇಳುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಒಬ್ಬನು ಕುಡಿದ ಲೋಟವನ್ನು ತೊಳೆದು, ಅದರಲ್ಲಿಯೇ ಇನ್ನೊಬ್ಬನು ನಿಸ್ಸಂಕೋಚವಾಗಿ ಕುಡಿದರೆ ಅದು ಸಮಾನತೆ. ಯಾರ ಲೋಟವನ್ನೂ ಯಾರೂ ಮುಟ್ಟದ ಹಾಗೆ ಎಸೆದುಬಿಟ್ಟರೆ ಪ್ರಶ್ನೆಯಿಂದ ತಪ್ಪಿಸಿಕೊಂಡಂತಾಯಿತೇ ಹೊರತು ಉತ್ತರ ಕೊಟ್ಟಂತಾಗಲಿಲ್ಲ. ದೇಹಕ್ಕಾದರೂ ಅದು ಹಿತವೆಂದರೆ ಅದೂ ಇಲ್ಲ. ಆ ಬಟ್ಟಲಿನ ಒಳಮೈಗೆ ಪ್ಲಾಸ್ಟಿಕ್ಕಿನ ತೆಳುಪೊರೆ ಇರುತ್ತದೆ. ಅದರಲ್ಲಿ 100 ಮಿಲಿಲೀಟರ್ ಬಿಸಿ ದ್ರವವು 15 ನಿಮಿಷವಿದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆಂದು ಖರಗಪುರದ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2020ರಲ್ಲಿ ಕಂಡುಹಿಡಿದರು. ಕುದಿಯುವ ನೀರಿನಲ್ಲಿ ತೊಳೆದ ಸ್ಟೀಲಿನ ಲೋಟಕ್ಕಿಂತ ಶುದ್ಧವಾದ ಪಾತ್ರೆಯು ಕಾಫಿಗೆ ಬೇರೊಂದಿಲ್ಲ.

ಅಂಗಡಿಕಾರರಿಗೆ ನಮ್ಮ ವಿನಂತಿ ಸ್ವಲ್ಪವೇ. ಬೆಂಗಳೂರಿನ ಮಾವಳ್ಳಿ ಟಿಫನ್ ರೂಮಿನ ಯಜ್ಞನಾರಾಯಣ ಮಯ್ಯನವರು 1951ರಲ್ಲಿ ಯುರೋಪಿನ ಪ್ರವಾಸದಿಂದ ಹಿಂದಿರುಗಿ ಶುಚಿತ್ವದ ಕಟ್ಟಳೆಗಳನ್ನು ಬಿಗಿಮಾಡಿದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಂಡೇ ಒಳಗೆ ಹೋಗುವ ಏರ್ಪಾಟು ಅಲ್ಲಿ ಪ್ರಸಿದ್ಧವಾಯಿತು. ನಮ್ಮ ಸಣ್ಣ ಅಂಗಡಿಗಳಲ್ಲಿ ಲೋಟ ತೊಳೆಯುವ ಸ್ಥಳವನ್ನಾದರೂ ಮುಂದುಗಡೆ ಇಡಲಿ. ಪುಡಿಯಲ್ಲಿ ಚಿಕೋರಿ ಬೆರೆಸಿದ್ದರೆ ಎಷ್ಟು ಪಾಲೆಂದು ಹಲಗೆಯ ಮೇಲೆ ಬರೆಯಲಿ. ಅರ್ಧಕ್ಕಿಂತ ಹೆಚ್ಚು ಕಾಫಿಯೇ ಇರಬೇಕೆಂಬುದು ಕಾನೂನಿನ ಕಟ್ಟಳೆ. ಸಾಹೇಬರಿಗೆ “ಬರ್ರಿ” ಎಂದ ನಾಲಗೆಯು ಕೂಲಿಯವನಿಗೆ “ಬಾರೋ” ಎನ್ನದಿರಲಿ. ಹುಮನಾಬಾದದ ನಿಲ್ದಾಣದಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಐದೂ ಕಿವಿಗೆ ಬೀಳುತ್ತವೆ. ಮರ್ಯಾದೆಯ ಮಾತು ಎಲ್ಲ ಭಾಷೆಗಳಲ್ಲಿಯೂ ಉಂಟು.

ಗಿರಾಕಿಗಳ ಕರ್ತವ್ಯವು ಇದಕ್ಕಿಂತ ದೊಡ್ಡದು. ಅಧಿಕಾರಿ ವರ್ಗದ ವಾಚಕರು ನಮ್ಮನ್ನು ಕ್ಷಮಿಸಬೇಕು. ಕಾಫಿ ಕುಡಿದು, ಹಣ ಕೇಳಲು ಅಂಗಡಿಕಾರನು ಅಂಜುವನೆಂದು ಬಲ್ಲವರಾಗಿ, ಹಾಗೆಯೇ ಎದ್ದುಹೋಗುವ ಪರಿಪಾಠವು ಕೆಲವರಲ್ಲಿ ಉಂಟು. ದೊಡ್ಡವರ ಉದ್ರಿಯನ್ನು ಸಣ್ಣ ಗಲ್ಲಾ ತಾಳಲಾರದು. ಎಣಿಸಿ ಕೊಟ್ಟ ಆ ಮುದುಕನು ಆ ದಿವಸ ಅಂಗಡಿಯ ಶ್ರೇಷ್ಠ ಗಿರಾಕಿ. ಲೋಟ ತೊಳೆಯುವವನನ್ನೂ ಮನುಷ್ಯನೆಂದು ಕಾಣುವುದು ಇನ್ನೊಂದು ಕರ್ತವ್ಯ. ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಅವುಗಳ ಒಡೆಯರಾದರು. ಮೊದಲನೆಯ ಸಂಘವು 1957ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಬಡಿಸುವ ಕೈಗೂ ಮಾನವುಂಟೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ಅಂಗಡಿಗೆ ನಾವು ಪುನಃ ಹೋಗುವವರಿದ್ದೇವೆ. ಮುದುಕನು ಮತ್ತೆ ಬರುವನೋ ಇಲ್ಲವೋ ಹೇಳಲಾರೆವು. ಬಂದರೆ ಅವನನ್ನು ಕರೆಯುವ ಕೆಲಸವನ್ನು ಮಾಲಿಕನೊಬ್ಬನಿಗೇ ಬಿಡಲಾಗದು. ಕರೆದವನ ಮಾತಿಗೆ ಬೆಲೆ ಬರಬೇಕಾದರೆ ಕುಳಿತವರು ಸರಿಯಬೇಕು. ಇದಕ್ಕೆ ಸರಕಾರದ ಅಪ್ಪಣೆ ಬೇಕಿಲ್ಲ, ದೇಣಿಗೆ ಬೇಕಿಲ್ಲ, ಸಭೆಯೂ ಬೇಕಿಲ್ಲ. ಬೆಂಚಿನ ಮೇಲೆ ಒಂದು ಗೇಣು ಜಾಗ ಸಾಕು.