ಭತ್ತದ ಎಲೆಯೊಳಗಿನ ನಷ್ಟವೂ ಗಣಕಯಂತ್ರದ ಲೆಕ್ಕವೂ

ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ವಿಜ್ಞಾಪನೆ ಏನೆಂದರೆ: ನೀರು, ಗೊಬ್ಬರ, ಬೀಜ ಇವುಗಳ ನಷ್ಟವು ಕಣ್ಣಿಗೆ ಕಾಣುವುದು, ಭತ್ತದ ಗದ್ದೆಯಲ್ಲಿ ಹಗಲೆಲ್ಲಾ ನಡೆಯುವ ಮತ್ತೊಂದು ನಷ್ಟವು ಯಾರಿಗೂ ಕಾಣದು. ಎಲೆಯಲ್ಲಿ ರುಬಿಸ್ಕೋ ಎಂಬ ಕಿಣ್ವವುಂಟು. ಗಾಳಿಯಲ್ಲಿನ ಇಂಗಾಲಾಮ್ಲ ವಾಯುವನ್ನು ಹಿಡಿದು ಪೈರಿನ ಆಹಾರಕ್ಕೆ ಸೇರಿಸುವುದೇ ಇದರ ಕೆಲಸ. ಕೆಲಸವು ಬಹು ನಿಧಾನ. ಸೆಕೆಂಡಿಗೆ ಸುಮಾರು 3 ಬಾರಿ ಮಾತ್ರ. ಅದೂ ಸಾಲದೆ, ಮೂರು ನಾಲ್ಕು ಸಲಕ್ಕೊಮ್ಮೆ ಇಂಗಾಲಾಮ್ಲಕ್ಕೆ ಬದಲಾಗಿ ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಆಗ ಹುಟ್ಟುವ ಬೇಡದ ವಸ್ತುವನ್ನು ಸರಿಪಡಿಸಲು ಪೈರು ತಾನು ಕೂಡಿಸಿದ ಇಂಗಾಲದಲ್ಲಿ ಒಂದು ಪಾಲನ್ನು ಮರಳಿ ಗಾಳಿಗೆ ಬಿಡಬೇಕಾಗುತ್ತದೆ. ಸೆಕೆ ಏರಿದಷ್ಟೂ ಈ ನಷ್ಟ ಹೆಚ್ಚು. ರಾಗಿ, ಜೋಳ, ಕಬ್ಬು ಇವು ಇಂಗಾಲಾಮ್ಲವನ್ನು ಕಿಣ್ವದ ಸುತ್ತ ದಟ್ಟವಾಗಿ ಕೂಡಿಡುವುದರಿಂದ ಬಹುಮಟ್ಟಿಗೆ ಪಾರಾಗಿವೆ. ಭತ್ತ, ಗೋಧಿ, ಕಡಲೆಕಾಯಿ, ಹೊಗೆಸೊಪ್ಪುಗಳು ಪಾರಾಗಿಲ್ಲ.

ಕಿಣ್ವದ ಈ ಆಯ್ಕೆಯ ಗುಣವನ್ನು ತಿದ್ದಬಹುದೆ? ಕಿಣ್ವವೆಂಬುದು ಅಮೈನೋ ಆಮ್ಲಗಳ ಸರ. ವಂಶವಾಹಿಯಲ್ಲಿ ಉತ್ಪರಿವರ್ತನೆಯಾದರೆ ಸರದ ಮಣಿಯೊಂದು ಬದಲಾಗಬಹುದು. 1999ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಹೊಗೆಸೊಪ್ಪಿನ ರುಬಿಸ್ಕೋವಿನ ದೊಡ್ಡ ಸರದಲ್ಲಿ 335ನೆಯ ಮಣಿಯಾದ ಲ್ಯೂಸೀನನ್ನು ತೆಗೆದು ವ್ಯಾಲೀನನ್ನು ಇಟ್ಟರು. ಎರಡಕ್ಕೂ ಇರುವ ವ್ಯತ್ಯಾಸ ಒಂದು ಇಂಗಾಲ, ಎರಡು ಜಲಜನಕದ ಪರಮಾಣುಗಳಷ್ಟೆ. ಆದರೂ ಕಿಣ್ವದ ವೇಗವೂ ಆಯ್ಕೆಯ ಶಕ್ತಿಯೂ ಮೊದಲಿನ ಕಾಲು ಪಾಲಿಗೆ ಇಳಿದವು. ಇಂಗಾಲಾಮ್ಲವನ್ನು ಹೆಚ್ಚಿಸಿದ ಗಾಳಿಯಲ್ಲದೆ ಆ ಗಿಡಗಳು ಬೆಳೆಯಲಾರದೆ ಹೋದವು.

ಆ ಸರದಲ್ಲಿ ಸುಮಾರು 475 ಮಣಿಗಳಿದ್ದು, ಒಂದೊಂದರ ಜಾಗದಲ್ಲಿ ಬೇರೆ 19 ಬಗೆಯವನ್ನು ಇಡಬಹುದು. ಒಂಬತ್ತು ಸಾವಿರ ಗಿಡಗಳನ್ನು ಬೆಳೆಸಿ ನೋಡುವವರು ಯಾರು? ಆದುದರಿಂದ ಮೊದಲು ಗಣಕಯಂತ್ರದಲ್ಲಿ ಅನುಕರಣ ಮಾಡುತ್ತಾರೆ. ಕಿಣ್ವದ ಬಹುಭಾಗವನ್ನು ಸ್ಪ್ರಿಂಗುಗಳಿಂದ ಜೋಡಿಸಿದ ಗುಂಡುಗಳೆಂದು ಭಾವಿಸಿ, ರಾಸಾಯನಿಕ ಕ್ರಿಯೆ ನಡೆಯುವ ಜಾಗವನ್ನು ಮಾತ್ರ ಕ್ವಾಂಟಂ ಸಿದ್ಧಾಂತದಂತೆ ಗಣಿಸುವರು. ಈ ಮಾರ್ಗವನ್ನು 1976ರಲ್ಲಿ ವಾರ್ಷೆಲ್ ಮತ್ತು ಲೆವಿಟ್ ಎಂಬುವರು ಪ್ರಕಟಿಸಿದರು. ಕಾರ್ಪ್ಲಸ್ ಎಂಬುವರೊಡನೆ ಅವರಿಗೆ 2013ರ ನೊಬೆಲ್ ಪಾರಿತೋಷಕವು ದೊರೆಯಿತು. ಇಂಗಾಲಾಮ್ಲ ಸೇರಲು ದಾಟಬೇಕಾದ ಶಕ್ತಿಯ ದಿಣ್ಣೆ ಎಷ್ಟು ಎತ್ತರ, ಆಮ್ಲಜನಕಕ್ಕೆ ಎಷ್ಟು ಎತ್ತರ, ಮಣಿ ಬದಲಾದ ಮೇಲೆ ಇವುಗಳ ಅಂತರ ಹೇಗಾಯಿತು ಎಂಬುದೇ ಲೆಕ್ಕದ ತಿರುಳು.

ತೊಡಕು ಇರುವುದೂ ಇಲ್ಲಿಯೇ. ಹೊಗೆಸೊಪ್ಪಿನಲ್ಲಿ ಆಯ್ಕೆಯು ಕಾಲು ಪಾಲಿಗಿಳಿದುದಕ್ಕೆ ಸಮನಾದ ಅಂತರವು ಮೋಲೊಂದಕ್ಕೆ ಸುಮಾರು 0.8 ಕಿಲೋಕ್ಯಾಲೊರಿ ಮಾತ್ರ. ಲೆಕ್ಕದಲ್ಲಿ ಬರುವ ತಪ್ಪೇ ಅನೇಕ ವೇಳೆ 1 ಕಿಲೋಕ್ಯಾಲೊರಿಯನ್ನು ಮೀರುತ್ತದೆ. ಸೌದೆಯ ತಕ್ಕಡಿಯಲ್ಲಿ ಚಿನ್ನವನ್ನು ತೂಗಿದಂತಾಯಿತು! ಕೆಲಸಕ್ಕೆ ಬಾರದ ಬದಲಾವಣೆಗಳನ್ನು ಜರಡಿ ಹಿಡಿಯಲು ಇದು ಸಾಕು. ಫಸಲನ್ನು ಮುಂದಾಗಿ ಹೇಳಲು ಸಾಲದು. ಮೇಲಾಗಿ, ಆಯ್ಕೆಯಲ್ಲಿ ಚೊಕ್ಕವಾದ ರುಬಿಸ್ಕೋಗಳು ಸಾಮಾನ್ಯವಾಗಿ ವೇಗದಲ್ಲಿ ಹಿಂದೆ ಬೀಳುವುದನ್ನೂ ಕಂಡಿದ್ದಾರೆ.

ಆದಕಾರಣ, ಗಣಕಯಂತ್ರದಿಂದ ತಿದ್ದಿದ ಭತ್ತವೆಂದು ಹೇಳಿ ಯಾರಾದರೂ ಹೆಚ್ಚು ಬೆಲೆ ಕೇಳಿದರೆ, ಅದನ್ನು ಯಾವ ಕ್ಷೇತ್ರದಲ್ಲಿ, ಎಷ್ಟು ವರ್ಷ, ಯಾವ ತಳಿಯ ಪಕ್ಕದಲ್ಲಿ ಬೆಳೆದು ತೂಕ ಮಾಡಿದರೆಂಬುದನ್ನು ಬರಹದಲ್ಲಿ ಕೇಳತಕ್ಕದ್ದು. ಬೇಸಗೆಯಲ್ಲಿ ನೀರು ಸಾಲದ ಗದ್ದೆಗಳಿಗೆ ಈಗ ರಾಗಿಯನ್ನೇ ಹಾಕಬಹುದು.