ಕಡೆದ ಕಂಬದ ಹೊಟ್ಟೆ, ಕೊರಳು

ಹುಬ್ಬಳ್ಳಿಯಿಂದ ನಸುಕಿನ ಬಸ್ಸು ಹಿಡಿದರೆ ಅಣ್ಣಿಗೇರಿ, ಗದಗ ದಾಟಿ ಬಿಸಿಲೇರುವ ಮೊದಲೇ ಲಕ್ಕುಂಡಿ. ಊರ ತುಂಬ ಗುಡಿ, ಬಾವಿ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೆ ಒಂದು ಸುತ್ತು ಹಾಕಿದೆ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡಗಳ ಕೆತ್ತನೆಯ ಮುಂದೆ ಒಂದಿಷ್ಟು ಹೊತ್ತು ನಿಂತೆ. ಆಮೇಲೆ ಅದರೆದುರಿನ ಚಿಕ್ಕ ನನ್ನೇಶ್ವರ ಗುಡಿಯ ಮೆಟ್ಟಿಲೇರಿದೆ. ಬಂದದ್ದೇ ಇಲ್ಲಿಯ ಕಂಬಗಳಿಗಾಗಿ.

ಕಂಬದ ಬುಡ ಚೌಕ. ಮೇಲೆ ಗಂಟೆ, ಗಡಿಗೆ, ಬಳೆ, ತಟ್ಟೆ ಒಂದರ ಮೇಲೊಂದು, ಎಲ್ಲವೂ ದುಂಡು. ಹನ್ನೊಂದನೇ ಶತಮಾನದ ರೂವಾರಿಗಳು ಬಳಪದ ಕಲ್ಲನ್ನು ನೆಟ್ಟಗೆ ನಿಲ್ಲಿಸಿ, ತಿರುಗಿಸುತ್ತ, ಅದಕ್ಕೆ ಉಳಿ ಹಿಡಿದಿರಬೇಕೆಂದು ವಿದ್ವಾಂಸರ ಅಂದಾಜು. ನಮ್ಮಲ್ಲಿ ಮಜ್ಜಿಗೆಯನ್ನೂ ಕಡೆಯುತ್ತಾರೆ, ಕಂಬವನ್ನೂ ಕಡೆಯುತ್ತಾರೆ. ಮಾತಿನಲ್ಲೇ ತಿರುಗಣೆ ಇದೆ. ಗಣಿತದವರೂ ಬೇರೆ ಏನನ್ನೂ ಹೇಳುವುದಿಲ್ಲ. ಬಾಗಿದ ಗೆರೆಯೊಂದನ್ನು ಅಚ್ಚಿನ ಸುತ್ತ ಪೂರ್ತಿ ತಿರುಗಿಸಿದರೆ ಒಂದು ಮೇಲ್ಮೈ ಹುಟ್ಟುತ್ತದೆ. ಬೆಳಕಿಗೆ ಎದುರಾಗಿ ನಿಂತು ಕಂಬದ ಅಂಚನ್ನು ದಿಟ್ಟಿಸಿದರೆ ಆ ಗೆರೆ ಕಾಣುತ್ತದೆ. ಅದೊಂದು ಗೊತ್ತಾದರೆ ದುಂಡಗಿನ ಭಾಗವೆಲ್ಲ ಗೊತ್ತಾದಂತೆ.

ಅಂಗಳದಲ್ಲಿ ಬಿದ್ದಿದ್ದ ಕಡ್ಡಿಯೊಂದನ್ನು ಕಲ್ಲಿಗೆ ತಾಗಿಯೂ ತಾಗದಂತೆ ಹಿಡಿದು ನೋಡಿದೆ. ಗಡಿಗೆಯ ಹೊಟ್ಟೆಯ ಮೇಲೆ ಅಡ್ಡ ಹಿಡಿಯಲಿ, ಉದ್ದ ಹಿಡಿಯಲಿ, ಅದು ತಾಗುವುದು ಒಂದೇ ಚುಕ್ಕೆಯಲ್ಲಿ. ಕೊರಳಲ್ಲಿ ಹಾಗಲ್ಲ. ಅಡ್ಡ ಹಿಡಿದರೆ ಒಂದೇ ಚುಕ್ಕೆ. ಉದ್ದ ಹಿಡಿದರೆ ಎರಡೂ ತುದಿ ತಾಗಿ ನಡುವೆ ಸಂದು. ಕುದುರೆಯ ಜೀನಿನಂತೆ ಒಂದು ಕಡೆಗೆ ಉಬ್ಬಿ ಇನ್ನೊಂದು ಕಡೆಗೆ ತಗ್ಗಿದ ಮೈ ಅದು. ಜರ್ಮನಿಯ ಗಾಸ್ 1827ರ ಪ್ರಬಂಧದಲ್ಲಿ ಇಂಥ ಬಾಗನ್ನು ಲೆಕ್ಕಕ್ಕೆ ತಂದ. ಆ ಲೆಕ್ಕದಲ್ಲಿ ಹೊಟ್ಟೆಯದು ಧನ ವಕ್ರತೆ, ಕೊರಳಿನದು ಋಣ. ಒಂದು ನುಣ್ಣಗೆ ಇನ್ನೊಂದಕ್ಕೆ ಇಳಿಯುವಲ್ಲಿ ವಕ್ರತೆ ಸೊನ್ನೆಯಾಗುವ ಗೆರೆ ಇರಲೇಬೇಕು.

ಆ ಸೊನ್ನೆಯ ಗೆರೆಯ ಬೆನ್ನು ಹತ್ತಿದವನು ಗಣಿತಜ್ಞ ಫೆಲಿಕ್ಸ್ ಕ್ಲೈನ್. 1870ರ ದಶಕದಲ್ಲಿ ಮ್ಯೂನಿಕ್‌ನಲ್ಲಿ ಅವನೂ ಅಲೆಕ್ಸಾಂಡರ್ ಬ್ರಿಲ್ಲನೂ ಕೂಡಿ, ಸಮೀಕರಣಗಳಿಂದ ಹುಟ್ಟುವ ಮೇಲ್ಮೈಗಳನ್ನು ವಿದ್ಯಾರ್ಥಿಗಳ ಕೈಯಿಂದ ಪ್ಲಾಸ್ಟರಿನಲ್ಲಿ ಮಾಡಿಸುತ್ತಿದ್ದರು. 1893ರ ಶಿಕಾಗೊ ಮೇಳಕ್ಕೂ ಕ್ಲೈನ್ ಅಂಥ ಮಾದರಿಗಳನ್ನು ಒಯ್ದ. ಚೆಲುವಿಗೂ ಗಣಿತದ ನಿಯಮ ಇದ್ದೀತೆಂದು ಅಪೊಲೊ ಬೆಲ್ವೆಡೆರೆ ಎಂಬ ಹೆಸರಾಂತ ಪ್ರತಿಮೆಯ ಪ್ರತಿಯೊಂದರ ಮೇಲೆ ಈ ಸೊನ್ನೆಯ ಗೆರೆಗಳನ್ನೆಲ್ಲ ಬರೆಸಿದ. ಅವು ಯಾವ ಸರಳ ರೂಪಕ್ಕೂ ಒಗ್ಗಲಿಲ್ಲ; ನಿಯಮವೂ ಸಿಗಲಿಲ್ಲ.

ನನ್ನೇಶ್ವರನ ಕಂಬದ ಮೇಲೆ ಅದೇ ಗೆರೆಗಳನ್ನು ಬರೆದರೆ? ಇದು ತಿರುಗಿ ಹುಟ್ಟಿದ ಮೈ. ಒಂದು ಎತ್ತರದಲ್ಲಿ ಸೊನ್ನೆಯಾದರೆ ಆ ಎತ್ತರದ ಸುತ್ತಲೂ ಸೊನ್ನೆಯೇ. ಹಾಗಾಗಿ ಗೆರೆಗಳೆಲ್ಲ ಬಳೆಗಳು. ಕ್ಲೈನನಿಗೆ ಸಿಗದ ನಿಯಮ ಇಲ್ಲಿ ಸಿಕ್ಕಿತೆಂದು ಒಂದು ಗಳಿಗೆ ಹಿಗ್ಗಿದೆ. ಅಷ್ಟರಲ್ಲಿ ಮನೆಯ ಲಟ್ಟಣಿಗೆ ನೆನಪಾಯಿತು. ಅದನ್ನೂ ಕಡೆದೇ ಮಾಡಿದ್ದು. ಅದರ ಮೇಲೂ ಗೆರೆಗಳು ಬಳೆಗಳೇ. ಆದರೆ ಲಟ್ಟಣಿಗೆ ನೋಡಲು ಯಾರೂ ಗದಗಿನ ಬಸ್ಸು ಹತ್ತುವುದಿಲ್ಲ. ತಿರುಗಣೆ ಬಳೆಗಳನ್ನು ಕೊಡುತ್ತದೆ. ಆ ಬಳೆ ಯಾವ ಎತ್ತರದಲ್ಲಿ ಬೀಳಬೇಕು, ಹೊಟ್ಟೆ ಎಲ್ಲಿ ಮುಗಿದು ಕೊರಳು ಎಷ್ಟು ಸಣ್ಣಗಾಗಬೇಕು ಎಂಬುದನ್ನು ತೀರ್ಮಾನಿಸಿದ್ದು ಉಳಿ ಹಿಡಿದವನು. ಅವನ ಲೆಕ್ಕ ಯಾವ ಸಮೀಕರಣದಲ್ಲೂ ಇಲ್ಲ, ಕಂಬದ ಅಂಚಿನಲ್ಲಿದೆ.

ಹೋಗುವವರಿಗೆ: ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿ.ಮೀ., ಅಲ್ಲಿಂದ ಲಕ್ಕುಂಡಿ 12 ಕಿ.ಮೀ. ಬಿಸಿಲು ಓರೆಯಾಗಿರುವ ಹೊತ್ತಿನಲ್ಲಿ ಹೋಗಿ. ಗುಡಿಗಳು ಸಂರಕ್ಷಿತ ಸ್ಮಾರಕಗಳು. ಕಡ್ಡಿ ಹಿಡಿದರೂ ಕಲ್ಲಿಗೆ ಒತ್ತಬೇಡಿ.